ಕಡಿಮೆ ಚಿಪ್ಸ್ ಇರುವವನ ಧರ್ಮ

ತಿಂಗಳಿಗೊಂದು ಶನಿವಾರ ರಾತ್ರಿ ಪುಣೆಯ ವಾಕಡ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಒಂಬತ್ತು ಜನ ಸೇರಿ ಪೋಕರ್ ಆಡುತ್ತೇವೆ. ನಾಲ್ವರು ಕನ್ನಡದವರು, ಮೂವರು ಮರಾಠಿಯವರು, ಒಬ್ಬ ತೆಲುಗಿನವನು, ಒಬ್ಬ ಇಂದೋರಿನವನು. ಎಲ್ಲರೂ ಸಾಫ್ಟ್‌ವೇರ್ ಕೆಲಸದವರು. ಹೆಚ್ಚಿನವರ ತಲೆಯಲ್ಲಿ ಕೂದಲು ಕಡಿಮೆಯಾಗುತ್ತಿದೆ, ಮನೆ ಸಾಲ ಮಾತ್ರ ಆಗುತ್ತಿಲ್ಲ. ದುಡ್ಡಿಟ್ಟು ಆಡುವುದಿಲ್ಲ, ಅದು ನನ್ನ ಹೆಂಡತಿ ಹಾಕಿದ ಷರತ್ತು. ಆದರೆ ಏನೂ ಇಲ್ಲದೆ ಆಡಿದರೆ ಆಟಕ್ಕೆ ಉಪ್ಪು ಖಾರ ಇರುವುದಿಲ್ಲ ಎಂದು ಊಟದ ಬಿಲ್ಲನ್ನು ನಡುವೆ ಇಟ್ಟುಕೊಂಡಿದ್ದೇವೆ. ಮೊದಲು ಔಟಾದವನದು ಬಿಲ್ಲಿನಲ್ಲಿ ದೊಡ್ಡ ಪಾಲು, ಎರಡನೆಯವನದು ಅದಕ್ಕಿಂತ ಸ್ವಲ್ಪ ಕಡಿಮೆ, ಹೀಗೆ. ಕೊನೆಗೆ ಉಳಿದ ಮೂವರಿಗೆ ಊಟ ಬಿಟ್ಟಿ.

ಹೋದ ತಿಂಗಳು ನಾಲ್ವರು ಉಳಿದಿದ್ದಾಗ ಎಲ್ಲರಿಗಿಂತ ಕಡಿಮೆ ಚಿಪ್ಸ್ ಇದ್ದವನು ನಾನು. ಕೈಯಲ್ಲಿ ಎಕ್ಕ ಮತ್ತು ಹತ್ತು ಬಂದಿತ್ತು. ಕೆಟ್ಟ ಎಲೆಗಳಲ್ಲ. ಆದರೆ ನನಗಿಂತ ಮುಂಚೆಯೇ ಒಬ್ಬ ಇದ್ದದ್ದೆಲ್ಲವನ್ನೂ ಮುಂದೆ ತಳ್ಳಿದ್ದ, ಇನ್ನೊಬ್ಬ 'ಬಾ' ಎಂದಿದ್ದ. ನಾನು ಎಲೆಗಳನ್ನು ಮಗುಚಿ ಇಟ್ಟು, ಕೈ ಕಟ್ಟಿ ಕೂತೆ. ಅವರಿಬ್ಬರಲ್ಲಿ ಒಬ್ಬ ಔಟಾದ. ನನಗೆ ಊಟ ಬಿಟ್ಟಿಯಾಯಿತು. ಗುಂಪಿನಲ್ಲೇ ಚಿಕ್ಕವನಾದ ತೆಲುಗಿನ ಹುಡುಗ ನಗುತ್ತಾ, "ಸರ್, ಏನೂ ಮಾಡದೇ ಗೆದ್ದಿರಲ್ಲ!" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವರೆಲ್ಲ ಹೋದ ಮೇಲೆ ಚಿಪ್ಸ್‌ಗಳನ್ನು ಡಬ್ಬಿಗೆ ಜೋಡಿಸುತ್ತಾ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಯಾಕೆಂದರೆ ಎರಡು ವರ್ಷಗಳ ಹಿಂದೆ ಇನ್ನೊಂದು ಮೇಜಿನ ಮುಂದೆಯೂ ನಾನು ಹೀಗೆಯೇ ಏನೂ ಮಾಡದೇ ಗೆದ್ದಿದ್ದೆ.

ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ಪೋಕರ್ ಆಡದವರಿಗಾಗಿ ನಾಲ್ಕು ಮಾತು. ಇದು ಜೂಜೋ ಜಾಣ್ಮೆಯೋ ಎಂಬ ಹಳೆಯ ಚರ್ಚೆಗೆ ನಾನು ಹೋಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆಯನ್ನೇ ಮಾಡಿತು. ಆ ಆಟಗಳಲ್ಲಿ ಮನೆ ಮುಳುಗಿಸಿಕೊಂಡವರನ್ನು ನಾವೆಲ್ಲ ಕಂಡಿದ್ದೇವೆ. ನನಗೆ ಬೇಕಾಗಿರುವುದು ಟೂರ್ನಮೆಂಟ್ ಪೋಕರ್‌ನ ಕೊನೆಯ ಮೇಜಿನಲ್ಲಿ, ಅಂದರೆ ಫೈನಲ್ ಟೇಬಲ್‌ನಲ್ಲಿ, ಕಡಿಮೆ ಚಿಪ್ಸ್ ಹಿಡಿದು ಕೂತವನ ಸ್ಥಿತಿ. ಅವನನ್ನು ಶಾರ್ಟ್ ಸ್ಟ್ಯಾಕ್ ಎನ್ನುತ್ತಾರೆ. ನಲವತ್ತು ದಾಟಿದ ಮ್ಯಾನೇಜರನಿಗೆ ಈ ಹೆಸರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಟೂರ್ನಮೆಂಟಿನಲ್ಲಿ ಎಲ್ಲರೂ ಒಂದೇ ಶುಲ್ಕ ಕೊಟ್ಟು, ಒಂದೇ ಸಮ ಚಿಪ್ಸ್ ಹಿಡಿದು ಕೂರುತ್ತಾರೆ. ನಡುವೆ ಎದ್ದು ಚಿಪ್ಸ್ ಕೊಟ್ಟು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಚಿಪ್ಸ್ ಮುಗಿದವನು ಏಳಬೇಕು. ಎಷ್ಟನೆಯವನಾಗಿ ಎದ್ದ ಎಂಬುದರ ಮೇಲೆ ಬಹುಮಾನ. ಯಾರೂ ಸುಮ್ಮನೆ ಕಾದು ಕೂರಬಾರದೆಂದು ಪ್ರತಿ ಸುತ್ತಿನಲ್ಲೂ ಸರದಿಯ ಪ್ರಕಾರ ಇಬ್ಬರು ಎಲೆ ನೋಡುವ ಮೊದಲೇ ಸ್ವಲ್ಪ ಚಿಪ್ಸ್ ಹಾಕಬೇಕು. ಇದಕ್ಕೆ ಬ್ಲೈಂಡ್ ಎಂದು ಹೆಸರು, ಒಂದು ಚಿಕ್ಕದು, ಒಂದು ದೊಡ್ಡದು. ಹೊತ್ತು ಹೋದ ಹಾಗೆ ಬ್ಲೈಂಡ್ ಏರುತ್ತದೆ. ನಮ್ಮ ಮನೆ ಸಾಲದ ಕಂತಿನ ಹಾಗೆಯೇ. ನೀವು ಆಡಿ, ಬಿಡಿ, ಅದು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ.

ಫೈನಲ್ ಟೇಬಲ್‌ನ ಮೆಟ್ಟಿಲುಗಳು ಎಷ್ಟು ಎತ್ತರವಿರುತ್ತವೆ ಎಂಬುದಕ್ಕೆ ಒಂದು ಉದಾಹರಣೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಗೆ 2023ರಲ್ಲಿ 10,043 ಪ್ರವೇಶಗಳು ಬಂದಿದ್ದವು. ಪ್ರವೇಶ ಶುಲ್ಕ 10,000 ಡಾಲರ್. ಗೆದ್ದ ಡೇನಿಯಲ್ ವೈನ್‌ಮನ್‌ಗೆ 1 ಕೋಟಿ 21 ಲಕ್ಷ ಡಾಲರ್ ಸಿಕ್ಕಿತು. ಒಂಬತ್ತನೆಯವನಿಗೆ 9 ಲಕ್ಷ ಡಾಲರ್, ಎಂಟನೆಯವನಿಗೆ 11 ಲಕ್ಷ 25 ಸಾವಿರ. ನಡುವಿನ ಅಂತರ 2 ಲಕ್ಷ 25 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿಗೂ ಹೆಚ್ಚು. ಆ ಮೇಜಿನಲ್ಲಿ ಕೂತವನಿಗೆ ಇಷ್ಟು ದುಡ್ಡು ಸಿಗಲು ತಾನು ಗೆಲ್ಲಲೇಬೇಕೆಂದಿಲ್ಲ. ತನಗಿಂತ ಮುಂಚೆ ಇನ್ನೊಬ್ಬ ಎದ್ದು ಹೋದರೆ ಸಾಕು.

ಇಲ್ಲಿಂದ ಪ್ರಶ್ನೆ ಶುರುವಾಗುತ್ತದೆ. ಇನ್ನೊಬ್ಬ ಬೀಳಲಿ ಎಂದು ಕಾದು ಕೂರುವುದು ಸರಿಯೇ?

ಲೆಕ್ಕ 'ಸರಿ' ಎನ್ನುತ್ತದೆ. ಪೋಕರ್ ಬಲ್ಲವರು ಐಸಿಎಂ ಎಂಬ ಸೂತ್ರ ಬಳಸುತ್ತಾರೆ. ಒಬ್ಬನ ಮುಂದಿರುವ ಚಿಪ್ಸ್‌ಗೆ ಈಗ ಎಷ್ಟು ದುಡ್ಡಿನ ಬೆಲೆ ಎಂದು ಹೇಳುವ ಸೂತ್ರ ಅದು. ಮೊದಲ ಸ್ಥಾನ ಪಡೆಯುವ ಸಾಧ್ಯತೆ ನಿಮ್ಮಲ್ಲಿರುವ ಚಿಪ್ಸ್‌ನ ಪಾಲಿನಷ್ಟು. ಉಳಿದ ಸ್ಥಾನಗಳಿಗೂ ಅದೇ ರೀತಿ ಲೆಕ್ಕ. ಒಂದು ಚಿಕ್ಕ ಉದಾಹರಣೆ ಮಾಡೋಣ. ಮೂವರು ಉಳಿದಿದ್ದಾರೆ. ದೊಡ್ಡವನ ಹತ್ತಿರ 5,000 ಚಿಪ್ಸ್, ನಡುವಿನವನ ಹತ್ತಿರ 3,000, ನನ್ನ ಹತ್ತಿರ 2,000. ಬಹುಮಾನಗಳು 5,000, 3,000 ಮತ್ತು 2,000 ರೂಪಾಯಿ. ಸೂತ್ರ ಹಾಕಿದರೆ ದೊಡ್ಡವನ ಪಾಲು ಸುಮಾರು 3,839 ರೂಪಾಯಿ, ನಡುವಿನವನದು 3,275, ನನ್ನದು 2,886. ಗಮನಿಸಿ, ಅರ್ಧದಷ್ಟು ಚಿಪ್ಸ್ ಇರುವವನಿಗೆ ಅರ್ಧದಷ್ಟು ದುಡ್ಡಿಲ್ಲ. ಐದರಲ್ಲಿ ಒಂದು ಪಾಲು ಚಿಪ್ಸ್ ಇರುವ ನನಗೆ ದುಡ್ಡಿನಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಿದೆ. ಕಡಿಮೆ ಇರುವವನ ಒಂದೊಂದು ಚಿಪ್‌ಗೆ ಬೆಲೆ ಹೆಚ್ಚು. ಬಡವನ ಕೊನೆಯ ನೂರು ರೂಪಾಯಿಗೆ ಇರುವ ಬೆಲೆಯಂತೆ.

ಈಗ ನಾನು ಧೈರ್ಯ ಮಾಡಿ ದೊಡ್ಡವನ ಮೇಲೆ ಎಲ್ಲವನ್ನೂ ಹಾಕಿ ಆಡಿದೆ ಎಂದುಕೊಳ್ಳಿ. ಗೆದ್ದರೆ ನನ್ನ ಚಿಪ್ಸ್ ಎರಡರಷ್ಟು, 4,000. ಆದರೆ ನನ್ನ ಪಾಲು ಎರಡರಷ್ಟಾಗುವುದಿಲ್ಲ, ಸುಮಾರು 3,543 ರೂಪಾಯಿ ಆಗುತ್ತದೆ. ಸೋತರೆ ಮೂರನೆಯವನಾಗಿ 2,000 ತೆಗೆದುಕೊಂಡು ಮನೆಗೆ. ಗೆದ್ದರೆ 657 ಲಾಭ, ಸೋತರೆ 886 ನಷ್ಟ. ಅಂದರೆ ನೂರಕ್ಕೆ ಐವತ್ತು ಸಲ ಗೆಲ್ಲುವ ಎಲೆ ಸಾಲದು, 57ಕ್ಕಿಂತ ಹೆಚ್ಚು ಸಲ ಗೆಲ್ಲುವಂತಿರಬೇಕು. ನಾಣ್ಯ ಚಿಮ್ಮುವಂಥ ಸಮಬಲದ ಪಂದ್ಯವೂ ನನಗೆ ನಷ್ಟವೇ.

ಅದರ ಬದಲು ನಾನು ಕೈ ಕಟ್ಟಿ ಕೂತು, ಅವರಿಬ್ಬರೇ ಒಬ್ಬರ ಮೇಲೊಬ್ಬರು ಬಿದ್ದರೆ? ದೊಡ್ಡವನು ಗೆದ್ದರೆ ನಡುವಿನವನು ಔಟ್. ನನ್ನ 2,886 ಕೂತಲ್ಲೇ 3,400 ಆಗುತ್ತದೆ. ನಡುವಿನವನು ಗೆದ್ದರೆ ಯಾರೂ ಔಟಾಗುವುದಿಲ್ಲ, ಆದರೂ ನನ್ನದು 2,950 ಆಗುತ್ತದೆ. ಯಾರು ಗೆದ್ದರೂ ನನಗೆ ಲಾಭ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಐಸಿಎಂ ಅದಕ್ಕೆ ಪೈಸೆಯವರೆಗೆ ಲೆಕ್ಕ ಕೊಡುತ್ತದೆ, ಅಷ್ಟೆ.

ಇನ್ನು ಎರಡು ವರ್ಷಗಳ ಹಿಂದಿನ ಆ ಮೇಜು. ಯುರೋಪಿನ ಒಬ್ಬ ಗ್ರಾಹಕರ ಕೆಲಸ ನೋಡಿಕೊಳ್ಳುತ್ತಿದ್ದ ನಾವು ಮೂವರು ಮ್ಯಾನೇಜರುಗಳಿದ್ದೆವು. ಗುತ್ತಿಗೆ ಚಿಕ್ಕದಾಗುತ್ತಿತ್ತು. ಮೂವರಲ್ಲಿ ಒಬ್ಬರು ಹೋಗಬೇಕು ಎಂಬುದು ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ವಿಷಯ. ಸಂಬಳ ಹೆಚ್ಚು, ತಂಡ ಚಿಕ್ಕದು, ವಯಸ್ಸು ನಲವತ್ನಾಲ್ಕು. ಹಾಗೆ ನೋಡಿದರೆ ಕಡಿಮೆ ಚಿಪ್ಸ್ ಇದ್ದದ್ದು ನನ್ನ ಮುಂದೆಯೇ. ಆ ಹೊತ್ತಿಗೆ ಒಂದು ರಿಲೀಸ್ ಆರು ವಾರ ತಡವಾಯಿತು. ಪರಿಶೀಲನಾ ಕಾಲ್‌ನಲ್ಲಿ ಮೇಲಿನವರು ಕಾರಣ ಕೇಳಿದರು. ನಮ್ಮಲ್ಲಿ ಒಬ್ಬ, ತಡವಾದದ್ದು ಹುಬ್ಬಳ್ಳಿ ಕಡೆಯ ಇನ್ನೊಬ್ಬನ ತಂಡದಿಂದ ಎಂದ. ಹುಬ್ಬಳ್ಳಿಯ ಗೆಳೆಯ, ಪರೀಕ್ಷೆಗೆ ಬೇಕಾದ ದಿನಗಳನ್ನು ಅರ್ಧಕ್ಕೆ ಇಳಿಸಿದ್ದೇ ಕಾರಣ, ಅದು ತನ್ನೊಬ್ಬನ ತೀರ್ಮಾನವಾಗಿರಲಿಲ್ಲ ಎಂದ. ಇಬ್ಬರೂ ಇಪ್ಪತ್ತು ನಿಮಿಷ ವಾದ ಮಾಡಿದರು.

ದಿನಗಳನ್ನು ಅರ್ಧ ಮಾಡಿದ್ದು ಮೂವರೂ ಕೂತು. ಮೂವರೂ ಒಪ್ಪಿದ್ದೇವೆ ಎಂದು ಬರೆದ ಮೇಲ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಬರೆದವನೇ ನಾನು. ಕಾಲ್ ಇಡೀ ನನ್ನ ಹೆಸರಿನ ಪಕ್ಕ ಮೈಕಿನ ಗುರುತಿನ ಮೇಲೆ ಕೆಂಪು ಗೀಟು ಇತ್ತು. ನಾನು ಮ್ಯೂಟ್ ತೆಗೆಯಲಿಲ್ಲ. ಆ ತಿಂಗಳ ಕೊನೆಗೆ ಹುಬ್ಬಳ್ಳಿಯ ಗೆಳೆಯ ಎದ್ದು ಹೋದ. ನಾನು ಒಂದು ಮೆಟ್ಟಿಲು ಮೇಲೆ ಹತ್ತಿದೆ.

ಆಗ ನನಗೆ ನಾನು ಹೇಳಿಕೊಂಡ ಸಮಾಧಾನ ಇದೇ ಪೋಕರ್ ಲೆಕ್ಕ. ಕಡಿಮೆ ಇರುವವನು ಉಳಿಯಬೇಕು. ಉಳಿಯುವುದೇ ಅವನ ಮೊದಲ ಧರ್ಮ. ಅಪ್ಪನ ಔಷಧಿ, ಮಗಳ ಹತ್ತನೆಯ ತರಗತಿ, ಹದಿಮೂರು ವರ್ಷ ಬಾಕಿ ಇರುವ ಸಾಲ. ಇನ್ನಿಬ್ಬರು ಬಡಿದಾಡುವಾಗ ನಡುವೆ ಹೋಗುವುದು ಶೌರ್ಯವಲ್ಲ, ಹುಚ್ಚು.

ಈ ಮಾತನ್ನು ಪೂರ್ತಿ ತಳ್ಳಿಹಾಕಲು ನಾನು ಇವತ್ತಿಗೂ ತಯಾರಿಲ್ಲ. ಎದ್ದು ನಿಂತು ಮಾತಾಡಬೇಕಿತ್ತು ಎಂದು ಬೇರೆಯವರಿಗೆ ಉಪದೇಶ ಮಾಡುವುದು ಸುಲಭ, ಅದರಲ್ಲೂ ಸಾಲ ತೀರಿಸಿ ಆದವರಿಗೆ. ಉಳಿಯುವ ಆಸೆ ಹೇಡಿತನವಲ್ಲ. ಪೋಕರ್ ಮೇಜಿನಲ್ಲಿ ಒಳ್ಳೆಯ ಎಲೆ ಕೈಯಲ್ಲಿದ್ದೂ ಮಗುಚಿ ಇಡಲು ನಿಜವಾಗಿ ಶಿಸ್ತು ಬೇಕು. ಸಿಟ್ಟಿಗೋ ಬೇಸರಕ್ಕೋ ಎಲ್ಲವನ್ನೂ ತಳ್ಳಿ ಎದ್ದು ಹೋಗುವವನು ಧೈರ್ಯಶಾಲಿಯಲ್ಲ, ಕಾಯಲಾರದವನು. ಮೇಜಿನಲ್ಲಿ ಕಾಯುವುದರಲ್ಲಿ ಅನ್ಯಾಯವೂ ಇಲ್ಲ. ಎಲ್ಲರೂ ನಿಯಮ ತಿಳಿದು, ಒಪ್ಪಿ, ಒಂದೇ ಸಮ ಚಿಪ್ಸ್ ಹಿಡಿದು ಕೂತವರು. ಅವನು ಬಿದ್ದರೆ ನನಗೆ ಲಾಭ. ನಾನು ಬಿದ್ದರೆ ಅವನಿಗೆ.

ಹಾಗಾದರೆ ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಏನು? ಆ ರಾತ್ರಿ ಚಿಪ್ಸ್ ಡಬ್ಬಿ ಮುಚ್ಚುವಾಗ ಪೋಕರ್‌ನ ಒಂದು ಸಣ್ಣ ನಿಯಮ ನೆನಪಾಯಿತು. ಒಂದು ಕೈಗೆ ಒಬ್ಬನೇ ಆಟಗಾರ. ಇಬ್ಬರು ಆಡುತ್ತಿರುವಾಗ ಎಲೆ ಮಗುಚಿದ ಮೂರನೆಯವನು ಬಾಯಿ ಬಿಡಬಾರದು. ತಾನು ಬಿಟ್ಟ ಎಲೆ ಯಾವುದು ಎಂದು ಹೇಳುವ ಹಾಗಿಲ್ಲ, ಒಬ್ಬನಿಗೆ ಸಲಹೆ ಕೊಡುವ ಹಾಗಿಲ್ಲ. ಹೇಳಿದರೆ ಅದು ಅಪರಾಧ. ಅಲ್ಲಿ ಮೌನ ನಿಯಮವೇ ಕೊಟ್ಟ ಕರ್ತವ್ಯ. ನಾನು ಎಕ್ಕ, ಹತ್ತನ್ನು ಮಗುಚಿ ಸುಮ್ಮನೆ ಕೂತದ್ದು ಮರ್ಯಾದೆಯ ನಡತೆ.

ಆದರೆ ಆ ಕಾಲ್‌ನಲ್ಲಿ ಯಾವ ನಿಯಮವೂ ನನ್ನ ಬಾಯಿ ಕಟ್ಟಿರಲಿಲ್ಲ. ಬದಲಿಗೆ, "ಬೇರೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ?" ಎಂದು ಕೇಳಿದ್ದರು. ನಾನು ಆಟದಿಂದ ಹೊರಗೆ ಕೂತು ನೋಡುತ್ತಿದ್ದ ಮೂರನೆಯವನೂ ಆಗಿರಲಿಲ್ಲ. ಇಬ್ಬರ ಜಗಳ ಯಾವ ಎಲೆಯ ಮೇಲೆ ತೀರ್ಮಾನವಾಗಬೇಕಿತ್ತೋ ಆ ಎಲೆ ನನ್ನ ಕೈಯಲ್ಲಿತ್ತು. ಅದನ್ನು ಮಗುಚಿ ಇಟ್ಟಿದ್ದನ್ನು ನಾನು 'ಆಡದಿರುವುದು' ಎಂದು ಕರೆದುಕೊಂಡೆ. ಅದು ಆಟವೇ ಆಗಿತ್ತು, ಅವನ ವಿರುದ್ಧದ ಆಟ. ಇನ್ನೊಬ್ಬ ತಾನಾಗಿ ಬೀಳುವುದನ್ನು ಕಾಯುವುದು ಬೇರೆ; ಹಿಡಿದುಕೊಳ್ಳಲು ಚಾಚಿದ ಅವನ ಕೈಗೆ ಸಿಗಬೇಕಾದ ಹಗ್ಗವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಾಯುವುದು ಬೇರೆ. ಎರಡರಲ್ಲೂ ಕೈ ಕಟ್ಟಿಕೊಂಡ ಭಂಗಿ ಒಂದೇ. ಹಾಗಾಗಿಯೇ ನನಗೆ ನಾನೇ ಮೋಸ ಮಾಡಿಕೊಳ್ಳುವುದು ಸಲೀಸಾಯಿತು.

ಲೆಕ್ಕದಲ್ಲಿಯೂ ನಾನು ತಪ್ಪಿದ್ದೆ. ಅದು ಗೊತ್ತಾದದ್ದು ಎಂಟು ತಿಂಗಳ ನಂತರ.

ಐಸಿಎಂ ಹೇಳುವುದು ಈ ಕ್ಷಣದ ಬೆಲೆಯನ್ನು ಮಾತ್ರ. ಮುಂದಿನ ಸುತ್ತಿನಲ್ಲಿ ಬ್ಲೈಂಡ್ ನನ್ನ ಹತ್ತಿರ ಬರುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಯಾರ ಜಾಣ್ಮೆ ಎಷ್ಟು ಎಂಬುದೂ ಗೊತ್ತಿಲ್ಲ. ಅದಕ್ಕೇ ಅನುಭವಿಗಳು ಇನ್ನೊಂದು ಅಳತೆಯನ್ನೂ ಜೊತೆಗಿಟ್ಟುಕೊಳ್ಳುತ್ತಾರೆ. ಒಂದು ಸುತ್ತಿಗೆ ಕಟ್ಟಬೇಕಾದ ಚಿಪ್ಸ್‌ನಿಂದ ನಿಮ್ಮಲ್ಲಿರುವ ಚಿಪ್ಸ್ ಅನ್ನು ಭಾಗಿಸಿದರೆ ಬರುವ ಸಂಖ್ಯೆ. ಪಾಲ್ ಮ್ಯಾಗ್ರಿಯಲ್ ಎಂಬ ಆಟಗಾರನ ಹೆಸರಿನಲ್ಲಿ ಅದಕ್ಕೆ 'ಎಂ' ಎನ್ನುತ್ತಾರೆ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತನ್ನ ಪುಸ್ತಕಗಳಲ್ಲಿ ಇದನ್ನು ಜನಪ್ರಿಯಗೊಳಿಸಿದ. ಏನೂ ಆಡದೆ ಕೂತರೆ ನೀವು ಇನ್ನು ಎಷ್ಟು ಸುತ್ತು ಬದುಕಿರುತ್ತೀರಿ ಎಂದು ಅದು ಹೇಳುತ್ತದೆ. ಐದಕ್ಕಿಂತ ಕೆಳಗಿಳಿದರೆ ಕೆಂಪು ವಲಯ.

ಕೆಂಪು ವಲಯದಲ್ಲಿ ನಿಜವಾಗಿ ಕಳೆದುಹೋಗುವುದು ಚಿಪ್ಸ್ ಅಲ್ಲ, ಬೆದರಿಕೆ. ನನ್ನ ಹತ್ತಿರ ಹತ್ತು ದೊಡ್ಡ ಬ್ಲೈಂಡ್‌ನಷ್ಟು ಚಿಪ್ಸ್ ಇದ್ದು ನಾನು ಎಲ್ಲರಿಗಿಂತ ಮೊದಲು 'ಆಲ್ ಇನ್' ಎಂದರೆ, ಎದುರಿನವನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಸೋತರೆ ಅವನಿಗೂ ಪೆಟ್ಟು. ಹೆಚ್ಚಿನ ಸಲ ಅವನು ಎಲೆ ಬಿಡುತ್ತಾನೆ. ಆದ್ದರಿಂದ ನನಗೆ ಗೆಲ್ಲಲು ಎರಡು ದಾರಿ, ಒಂದು ಅವನು ಬಿಟ್ಟರೆ, ಇನ್ನೊಂದು ಅವನು ಬಂದು ನನ್ನ ಎಲೆ ಗೆದ್ದರೆ. ಅದೇ ನಾನು ಒಳ್ಳೆಯ ಎಲೆಗಾಗಿ ಕಾದು ಕಾದು ಎರಡು ಬ್ಲೈಂಡ್‌ಗೆ ಇಳಿದ ಮೇಲೆ 'ಆಲ್ ಇನ್' ಎಂದರೆ? ದೊಡ್ಡ ಬ್ಲೈಂಡ್ ಕಟ್ಟಿದವನು ಇನ್ನೊಂದೇ ಒಂದು ಬ್ಲೈಂಡ್ ಸೇರಿಸಿದರೆ ನಡುವೆ ಇರುವ ಮೂರೂವರೆ ಬ್ಲೈಂಡ್ ಗೆಲ್ಲಬಹುದು. ಅವನು ಎಲೆ ನೋಡದೆಯೇ ಬರುತ್ತಾನೆ. ನಾನು ಅದೇ ಮಾತು ಹೇಳಿದ್ದೇನೆ, ಅಷ್ಟೇ ಗಟ್ಟಿಯಾಗಿ ಹೇಳಿದ್ದೇನೆ. ಆದರೆ ಅದನ್ನು ಕೇಳಿ ಯಾರೂ ಹೆದರುವುದಿಲ್ಲ.

ಎಂಟು ತಿಂಗಳ ನಂತರ ನನಗೆ ಆದದ್ದು ಇದೇ. ನನ್ನ ತಂಡವನ್ನು ಬೇರೆಯವರ ಕೆಳಗೆ ಸೇರಿಸಿ, ನನಗೆ 'ಪ್ರಕ್ರಿಯೆ ಸುಧಾರಣೆ' ಎಂಬ ಕೆಲಸ ಕೊಟ್ಟರು. ಐಟಿಯವರಿಗೆ ಅದರ ಅರ್ಥ ಗೊತ್ತು. ಆಮೇಲೆ ನನ್ನ ಹಳೆಯ ತಂಡದ ನಾಲ್ಕು ಹುಡುಗರ ಹೆಸರು ಪಟ್ಟಿಯಲ್ಲಿ ಬಂತು. ಅದರಲ್ಲಿ ಒಬ್ಬಳು ಹೆರಿಗೆ ರಜೆ ಮುಗಿಸಿ ಬಂದು ಎರಡೇ ತಿಂಗಳಾಗಿತ್ತು. ಈ ಸಲ ನಾನು ಮಾತಾಡಿದೆ. ಮ್ಯೂಟ್ ತೆಗೆದು, ಕೈಬರಹದ ಟಿಪ್ಪಣಿ ಎದುರಿಗಿಟ್ಟುಕೊಂಡು, ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಸೌಜನ್ಯದಿಂದ ಕೇಳಿದರು. "ನೋಟೆಡ್" ಎಂದರು. ಪಟ್ಟಿ ಒಂದಕ್ಷರವೂ ಬದಲಾಗಲಿಲ್ಲ. ನನ್ನ ಮಾತಿನಲ್ಲಿ ಸತ್ಯ ಕಡಿಮೆ ಇರಲಿಲ್ಲ, ತೂಕ ಇರಲಿಲ್ಲ. ಅವರು ಎಲೆ ನೋಡದೆಯೇ 'ಬಾ' ಎಂದಿದ್ದರು. ಎಂಟು ತಿಂಗಳ ಹಿಂದೆ, ಒಂದು ತಂಡ ಮತ್ತು ಒಂದು ಮೇಲ್ ಕೈಯಲ್ಲಿದ್ದಾಗ, ನನ್ನ ಒಂದು ವಾಕ್ಯಕ್ಕೆ ಅವರು ಯೋಚಿಸಬೇಕಾಗುತ್ತಿತ್ತು. ಉಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ನಾನು ದಿನದಿನವೂ ಕಳೆದುಕೊಂಡದ್ದು ಅದನ್ನೇ. ಮೌನಕ್ಕೂ ಬ್ಲೈಂಡ್ ಕಟ್ಟಬೇಕಾಗುತ್ತದೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಜೂಜಿನ ಮಾತು ಬಂದಾಗ ನಮಗೆ ಹಸ್ತಿನಾವತಿಯ ಸಭೆ ನೆನಪಾಗದೆ ಇರುವುದಿಲ್ಲ. ಅಲ್ಲಿ ದ್ರೌಪದಿ ಕೇಳಿದ್ದು, ಧರ್ಮರಾಯ ತನ್ನನ್ನು ತಾನು ಮೊದಲು ಸೋತನೋ, ನನ್ನನ್ನು ಮೊದಲು ಸೋತನೋ ಎಂದು. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಆ ಪ್ರಶ್ನೆಯ ತಿರುಳು. ನನಗೀಗ ಅದು ಬೇರೊಂದು ರೀತಿಯಲ್ಲೂ ಕೇಳಿಸುತ್ತದೆ. ತನ್ನನ್ನು ಸೋತುಬಿಟ್ಟವನಿಗೆ ಇನ್ನೊಬ್ಬರ ಪರವಾಗಿ ಒಡ್ಡಲು ಏನು ಉಳಿದಿರುತ್ತದೆ? ಆ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ತೂಕವಿದ್ದ ಭೀಷ್ಮರು ಧರ್ಮ ಸೂಕ್ಷ್ಮ ಎಂದು ತಮ್ಮ ತೂಕವನ್ನು ಖರ್ಚು ಮಾಡದೆ ಉಳಿಸಿಕೊಂಡರು. ಕೌರವರಲ್ಲೇ ಒಬ್ಬನಾದ ವಿಕರ್ಣ, ತೂಕವೇ ಇಲ್ಲದ ಹುಡುಗ, ಎದ್ದು ಇದು ಅಧರ್ಮ ಎಂದ. ಕರ್ಣ ಅವನ ಬಾಯಿ ಮುಚ್ಚಿಸಿದ. ವಿಕರ್ಣನ ಮಾತಿನಿಂದ ಸಭೆಯ ತೀರ್ಮಾನ ಬದಲಾಗಲಿಲ್ಲ. ಆದರೂ ಅವನ ಹೆಸರು ನಮಗೆ ಇವತ್ತಿಗೂ ನೆನಪಿದೆ. ಭೀಷ್ಮರು ಮಾತಾಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೂ ಇವತ್ತಿಗೂ ಉಳಿದಿದೆ.

ಪೋಕರ್‌ನವರು ಕಡಿಮೆ ಚಿಪ್ಸ್ ಇರುವವನಿಗೆ ಹೇಳುವ ಒಂದು ಸಮಾಧಾನದ ಕಥೆಯಿದೆ. 1982ರ ವಿಶ್ವ ಸ್ಪರ್ಧೆಯಲ್ಲಿ ಜ್ಯಾಕ್ ಸ್ಟ್ರೌಸ್ ಎಲ್ಲವನ್ನೂ ಸೋತು ಏಳಬೇಕೆನ್ನುವಾಗ ಒಂದು ಚಿಪ್ ಉಳಿದಿರುವುದು ಕಂಡಿತಂತೆ. ಅದರಿಂದಲೇ ಮತ್ತೆ ಆಡಿ, 104 ಜನರಲ್ಲಿ ಗೆದ್ದು ಚಾಂಪಿಯನ್ ಆದ. ಒಂದು ಚಿಪ್, ಒಂದು ಕುರ್ಚಿ ಇದ್ದರೆ ಸಾಕು ಎಂಬ ನಾಣ್ಣುಡಿ ಅಲ್ಲಿಂದ ಹರಡಿತು. ಒಳ್ಳೆಯ ಕಥೆ. ಆದರೆ ಅದನ್ನು ಕಾಯುವವರ ಕಥೆಯನ್ನಾಗಿ ಹೇಳುವುದು ತಪ್ಪು. ಒಂದು ಚಿಪ್ ಇಟ್ಟುಕೊಂಡು ಸ್ಟ್ರೌಸ್ ಕಾದು ಕೂರಲಿಲ್ಲ, ಆಡಿದ. ಒಂದೇ ಚಿಪ್‌ಗೆ ಇಳಿದು, ಆಡಿಯೂ ಸೋತು ಎದ್ದು ಹೋದ ಸಾವಿರಾರು ಜನರ ಕಥೆಯನ್ನು ಯಾರೂ ಹೇಳುವುದಿಲ್ಲ. ಒಂದು ಚಿಪ್‌ಗೆ ಇಳಿಯುವವರೆಗೂ ಬಿಡದಿರುವುದು ಒಳ್ಳೆಯದು ಎಂಬುದೇ ಆ ಸಾವಿರಾರು ಜನರ ಪಾಠ.

ಹಾಗಾದರೆ ಕಡಿಮೆ ಚಿಪ್ಸ್ ಇರುವವನ ಧರ್ಮ ಏನು? ಎಲ್ಲ ಕೈಗೂ ಆಡು ಎಂದಲ್ಲ. ದಿನಾ ಒಂದೊಂದು ವಿಷಯಕ್ಕೆ ಎದ್ದು ನಿಲ್ಲುವವನ ಮಾತಿಗೂ ಬೇಗ ತೂಕ ಹೋಗುತ್ತದೆ. ನನಗೆ ಸಂಬಂಧವಿಲ್ಲದ ಇಬ್ಬರ ಜಗಳದಲ್ಲಿ ಎಲೆ ಮಗುಚುವುದು ತಪ್ಪಲ್ಲ. ಅದರಿಂದ ನನಗೆ ಲಾಭವಾದರೆ ಅದಕ್ಕಾಗಿ ನಾಚಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಇನ್ನೊಬ್ಬನನ್ನು ಉಳಿಸುವ ಎಲೆ ನನ್ನ ಕೈಯಲ್ಲೇ ಇದ್ದರೆ ಆ ಕೈಯನ್ನು ಬಿಡುವ ಹಾಗಿಲ್ಲ, ಬ್ಲೈಂಡ್ ಎಷ್ಟೇ ಉಳಿದಿರಲಿ. ಆಡುವುದಾದರೆ ತೂಕ ಇನ್ನೂ ಇರುವಾಗ, ತೀರ್ಮಾನ ಆಗುವ ಮೊದಲು, ಎಲ್ಲರಿಗಿಂತ ಮುಂಚೆ. ಮೊದಲು ಮಾತಾಡಿದವನಿಗೆ ಎರಡು ದಾರಿಗಳಿವೆ. ಎಲ್ಲ ಮುಗಿದ ಮೇಲೆ ಮಾತಾಡಿದವನಿಗೆ ಒಂದೇ, ಅದೂ ಕಿರಿದು.

ಮಾತಾಡಿದ್ದರೆ ನನ್ನ ಕೆಲಸ ಹೋಗುತ್ತಿತ್ತೇ? ಹೋಗಬಹುದಿತ್ತು. ನೂರಕ್ಕೆ 57 ಸಲ ಗೆಲ್ಲುವ ಎಲೆ ಅದಾಗಿತ್ತೇ ಎಂದು ಈಗಲೂ ಹೇಳಲಾರೆ. ಆದರೆ ಐಸಿಎಂನ ಪಟ್ಟಿಯಲ್ಲಿ ಮೂರು ಸ್ಥಾನಗಳಿಗೆ ಮೂರು ಮೊತ್ತಗಳು ಮಾತ್ರ ಇರುತ್ತವೆ. ಎರಡನೆಯ ಸ್ಥಾನಕ್ಕೆ ಹೇಗೆ ಏರಿದೆ ಎಂಬುದಕ್ಕೆ ಅಲ್ಲಿ ಕಂಬಳಿಯಷ್ಟೂ ಜಾಗವಿಲ್ಲ. ಅದನ್ನು ಸೇರಿಸಿ ಲೆಕ್ಕ ಮಾಡಿದ್ದರೆ ಉತ್ತರ ಬೇರೆಯೇ ಬರುತ್ತಿತ್ತು ಎಂದು ಮಾತ್ರ ಬಲ್ಲೆ.

ಆ ಶನಿವಾರ ಕಳೆದು ಮರುದಿನ ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿದೆ. ಈಗ ಅವನು ಊರಲ್ಲೇ ಇದ್ದಾನೆ, ಒಂದು ಚಿಕ್ಕ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅಪ್ಪ ಅಮ್ಮನ ಜೊತೆ ಇರುವುದಕ್ಕಾದರೂ ಒಳ್ಳೆಯದಾಯಿತು ಎಂದ. ನಾನು ಸುತ್ತಿ ಬಳಸಿ ಆ ಮೇಲ್‌ನ ವಿಷಯಕ್ಕೆ ಬಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಆ ಮೇಲ್ ನಿಮ್ಮ ಹತ್ರ ಐತಿ ಅಂತ ನನಗ ಗೊತ್ತಿತ್ತರೀ ಸರ," ಎಂದ. "ನನ್ನ ಹತ್ರಾನೂ ಇತ್ತು. ನಾ ತೋರಿಸಿದ್ರ ನಂದ ನಾ ಹೇಳಿಕೊಂಡಂಗ ಆಗ್ತಿತ್ತು. ನೀವು ಹೇಳ್ತೀರೇನೋ ಅಂತ ದಾರಿ ನೋಡಿದೆ."

ತಪ್ಪಾಯಿತು ಎಂದೆ. ಮಾತಾಡಿದ್ದರೆ ನಿನ್ನ ಕೆಲಸ ಉಳಿಯುತ್ತಿತ್ತೇನೋ ಎಂದೆ.

"ಕೆಲಸ ಉಳೀತಿರಲಿಲ್ಲ ಬಿಡ್ರಿ. ಅದು ಮೊದಲ ನಿರ್ಧಾರ ಆಗಿತ್ತು ಅನಸ್ತದ. ಆದ್ರ ಅವತ್ತ ನೀವೊಂದ್ ಮಾತ್ ಅಂದಿದ್ರ, ಅಲ್ಲಿ ನಾ ಒಬ್ಬಾವ ಅದೀನಿ ಅಂತ ಅನಸ್ತಿರಲಿಲ್ಲ. ಅಷ್ಟ."

ಅಷ್ಟೇ. ಇಷ್ಟು ದಿನ ನಾನು ಗೆಲುವು ಸೋಲಿನ ಲೆಕ್ಕದಲ್ಲೇ ಇದ್ದೆ. ನನ್ನ ಮಾತಿನಿಂದ ಪರಿಣಾಮ ಬದಲಾಗುತ್ತಿತ್ತೇ, ಇಲ್ಲವೇ ಎಂದು. ಅವನು ಪರಿಣಾಮ ಕೇಳಿಯೇ ಇರಲಿಲ್ಲ. ವಿಕರ್ಣ ಎದ್ದು ನಿಂತದ್ದರಿಂದ ದ್ರೌಪದಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಹಾಗೆ ನೋಡಿದರೆ ಕೊನೆಯ ಎರಡು ಬ್ಲೈಂಡ್‌ನ ಮಾತೂ ಪೂರ್ತಿ ವ್ಯರ್ಥವಲ್ಲ. ಪಟ್ಟಿ ಬದಲಾಗದಿದ್ದ ಆ ದಿನ ಸಂಜೆ, ಹೆರಿಗೆ ರಜೆಯಿಂದ ಬಂದಿದ್ದ ಆ ಹುಡುಗಿ ಫೋನ್ ಮಾಡಿ "ಥ್ಯಾಂಕ್ಸ್ ಸರ್" ಎಂದಿದ್ದಳು. ಯಾಕೆ ಥ್ಯಾಂಕ್ಸ್, ನನ್ನಿಂದ ಏನೂ ಆಗಲಿಲ್ಲವಲ್ಲ ಎಂದು ಆಗ ನನಗೆ ಅರ್ಥವಾಗಿರಲಿಲ್ಲ.

ಮುಂದಿನ ತಿಂಗಳು ಮತ್ತೊಂದು ಪಟ್ಟಿ ಬರುತ್ತದೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಓಡಾಡುತ್ತಿದೆ. ನನ್ನ ಹೆಸರೂ ಇರಬಹುದು. ಈ ನಡುವೆ ಒಂದು ಚಿಕ್ಕ ತಂಡ ಮತ್ತೆ ನನ್ನ ಕೈಗೆ ಬಂದಿದೆ, ಆರು ಜನ. ನನ್ನ ಲೆಕ್ಕದಲ್ಲಿ ಆರೇಳು ಬ್ಲೈಂಡ್ ಉಳಿದಿವೆ. ಅವುಗಳಲ್ಲಿ ಯಾವ ಕೈಗೆ ಎಷ್ಟು ಇಡಬೇಕು ಎಂದು ಯೋಚಿಸುತ್ತಿದ್ದೇನೆ. ಬರುವ ಶನಿವಾರ ಆಟವಿದೆ. ಔಟಾದರೆ ಊಟದ ಬಿಲ್ಲು ನನ್ನದು.